ಬರಿಗಾಲಿನ ಅಂದಾಜು

ಅಪ್ಪನಿಗೆ ಸುಳ್ಳು ಹೇಳಿ ಬಂದಿದ್ದೇನೆ. ಉದಗೀರದಲ್ಲಿ ಕಾಲೇಜಿನ ಗೆಳತಿಯ ಮನೆಯಲ್ಲಿ ಎರಡು ದಿನ ಇದ್ದು ಬರುತ್ತೇನೆಂದು ನಿಲಂಗಾದಲ್ಲಿ ಬಸ್ಸು ಹತ್ತಿದವಳು, ನಡುದಾರಿಯಲ್ಲೇ ಇಳಿದು ಶಿರೂರ ಅನಂತಪಾಳಕ್ಕೆ ನಡೆದಿದ್ದೇನೆ. ಹುಬ್ಬಳ್ಳಿಯಿಂದ ಬರುವ ಈ ಪತ್ರಿಕೆಯನ್ನು ಅಪ್ಪ ಎರಡು ದಿನ ತಡವಾಗಿಯಾದರೂ ಜಾಹೀರಾತು ಸಮೇತ ಓದುತ್ತಾರೆ. ಹಾಗಾಗಿ ನನ್ನ ಸುಳ್ಳಿನ ಆಯುಷ್ಯ ಈ ರವಿವಾರದ ಪುರವಣಿ ಬರುವ ತನಕ ಮಾತ್ರ. ಆ ಪುರವಣಿಗೆ ನಾನು ಬರೆಯಲು ಬಂದಿರುವುದು ರಂಭಾಬಾಯಿಯವರ ಬಗ್ಗೆ. ಅವರು ಅಪ್ಪನ ಒಡಹುಟ್ಟಿದ ತಂಗಿ, ನನ್ನ ಸೋದರತ್ತೆ. ಒಂಬತ್ತು ವರ್ಷಗಳಿಂದ ನಮ್ಮ ಹೊಸ್ತಿಲು ತುಳಿದಿಲ್ಲ. ಅಣ್ಣ ತಂಗಿಯ ನಡುವೆ ನಿಂತಿರುವುದು ಒಂದು ಗೆಣಸಿನ ಹೊಲ ಮತ್ತು ಹನ್ನೊಂದು ಚೀಲದ ತಪ್ಪು. ಆ ತಪ್ಪಿನ ಬಗ್ಗೆ ನನಗೊಂದು ವಿಷಯ ಗೊತ್ತಿದೆ. ಡೈರಿಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಬಾಯಿಬಿಟ್ಟು ಯಾರ ಮುಂದೆಯೂ ಹೇಳಿಲ್ಲ.

ಮಾಘದ ಚಳಿ. ಶಿವರಾತ್ರಿಗೆ ಇನ್ನು ಹನ್ನೆರಡು ದಿನ. ಹೊಳೆದಂಡೆಯ ಮರಳುಮಣ್ಣಿನ ಹೊಲದ ಬದುವಿನ ಮೇಲೆ ನಾಲ್ವರು ನಿಂತಿದ್ದೇವೆ: ಹೊಲದ ಒಡೆಯ ಬಕ್ಕಪ್ಪ, ಉದಗೀರದ ಅಡತಿ ವ್ಯಾಪಾರಿ ವಿಶ್ವನಾಥಪ್ಪ, ರಂಭಾಬಾಯಿ, ನಾನು. ಮೂಡಣ ಬೆಳ್ಳಗಾಗುತ್ತಿದೆ. ಗೆಣಸಿನ ಬಳ್ಳಿ ಹೊಲದ ತುಂಬ ಹಬ್ಬಿ ಮಂಜಿನಲ್ಲಿ ತೊಯ್ದಿದೆ. ಬಳ್ಳಿಯ ಕೆಳಗೆ ಎಷ್ಟಿದೆ ಎಂದು ಯಾರಿಗೂ ಗೊತ್ತಿಲ್ಲ. ಅದನ್ನು ಅಗೆಯದೇ ಹೇಳುವುದೇ ರಂಭಾಬಾಯಿಯವರ ಕೆಲಸ.

"ಅಕ್ಕಾ, ಜರಾ ಮೆಲ್ಲಕ ತುಳೀರಿ. ನಮ್ಮ ಗೆಣಸು ನಾಚಕೋತಾವ," ಎನ್ನುತ್ತಾನೆ ಬಕ್ಕಪ್ಪ.

"ನಾಚಕೊಂಡು ಮುದುಡಿದ್ರ ತೂಕ ನಂದೇ ಕಮ್ಮಿ ಆಗೋದು. ನಿಂದೇನು ಹೋಗ್ತದ?" ವಿಶ್ವನಾಥಪ್ಪ ಮಫ್ಲರಿನೊಳಗಿಂದಲೇ ಗೊಣಗುತ್ತಾರೆ.

"ಇಬ್ಬರೂ ಈಗ ಬಾಯಿ ಮುಚ್ಚರಿ," ಎಂದು ರಂಭಾಬಾಯಿ ಚಪ್ಪಲಿ ಬಿಡುತ್ತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ. ಅವರು ಮತ್ತೆ ಚಪ್ಪಲಿ ಮೆಟ್ಟುವ ತನಕ ಒಡೆಯನೂ ವ್ಯಾಪಾರಿಯೂ ತುಟಿ ಬಿಚ್ಚಬಾರದು. ಇದು ಈ ಕಡೆಯ ರೂಢಿ. ಸೀರೆಯ ಕಚ್ಚೆಯನ್ನು ಮೀನಖಂಡದ ತನಕ ಎತ್ತಿ ಕಟ್ಟಿ, ಬೋದು ಎಂದು ಕರೆಯುವ ಮಣ್ಣಿನ ಏರಿಯ ಮೇಲೆ ಅವರು ಹೆಜ್ಜೆ ಇಡುತ್ತಾರೆ. ಒಂದು ಏರಿಯ ಮೇಲೆ ಹೋಗಿ, ನಾಲ್ಕು ಬಿಟ್ಟು ಇನ್ನೊಂದರ ಮೇಲೆ ಬರುತ್ತಾರೆ. ಒಳಗೆ ಗೆಣಸು ದಪ್ಪವಾದಂತೆ ಮೇಲಿನ ಮಣ್ಣು ಬಿರಿಯುತ್ತದೆ. ಆ ಬಿರುಕನ್ನು ಬಳ್ಳಿ ಮುಚ್ಚಿರುವುದರಿಂದ ಕಣ್ಣು ಕಾಣದು, ಪಾದ ಕಾಣುತ್ತದೆ. ಬಿರುಕಿನ ಅಗಲ, ಮಣ್ಣಿನ ಬಿಗಿ, ಹಿಮ್ಮಡಿ ಊರಿದಾಗ ಎದುರೊತ್ತುವ ಗಟ್ಟಿತನ, ಇಷ್ಟೇ ಅವರ ತಕ್ಕಡಿ.

ಕೊನೆಗೆ ಹೊಲಕ್ಕೆ ಬೆನ್ನು ಮಾಡಿ ನಿಂತು ಭುಜದ ಮೇಲಿಂದ ಒಂದು ಹರಳು ಎಸೆಯುತ್ತಾರೆ. ಅದು ಬಿದ್ದಲ್ಲಿ ಮಾತ್ರ ಒಂದು ಗೇಣು ಅಗೆದು ನೋಡಬಹುದು. ನೋಡಿ, ಮಣ್ಣು ಮುಚ್ಚಿ, ಒಂದು ತಂಬಿಗೆ ನೀರು ಹಾಕುತ್ತಾರೆ. ಚಪ್ಪಲಿ ಮೆಟ್ಟುತ್ತಾರೆ.

"ಮೂವತ್ತಾರು ಚೀಲ."

ಒಂದೇ ಸಲ. ಎರಡನೇ ಸಲ ಹೇಳುವ ಪದ್ಧತಿ ಇಲ್ಲ. ಬಕ್ಕಪ್ಪನ ಮುಖ ಜರಾ ಇಳಿಯುತ್ತದೆ. ಅವನು ನಲವತ್ತು ಎಂದುಕೊಂಡಿದ್ದ. ಆದರೆ ತಕರಾರು ಮಾಡುವುದಿಲ್ಲ. ಆ ಸಂಖ್ಯೆಯ ಮೇಲೆ ಇಬ್ಬರೂ ದರ ಮಾತಾಡಿ ನಿಂತ ಬೆಳೆಯನ್ನೇ ಕೊಟ್ಟು ತಗೊಳ್ಳುತ್ತಾರೆ. ಅಗೆಯುವುದು ವ್ಯಾಪಾರಿಯ ಪಾಲಿನ ಕೆಲಸ. ಹೆಚ್ಚು ಬಂದರೆ ಇಬ್ಬರಿಗೂ ಹಂಚಿಕೆ, ಕಮ್ಮಿ ಬಿದ್ದರೆ ಹೊಲದವನು ತುಂಬಿಕೊಡಬೇಕು. ರಂಭಾಬಾಯಿಗೆ ಸಿಗುವುದು ಒಂದು ಬುಟ್ಟಿ ಗೆಣಸು, ಎರಡು ತೆಂಗಿನಕಾಯಿ.

ಬಿಸಿಲು ಏರಿದರೆ ಮಣ್ಣು ಕಾಯುತ್ತದೆ, ಕಾಯ್ದ ಮಣ್ಣಿನಲ್ಲಿ ಪಾದ ಮೋಸ ಹೋಗುತ್ತದೆ ಎನ್ನುತ್ತಾರೆ ಅವರು. ಹಾಗಾಗಿ ಬೆಳಗಿನ ಜಾವದಿಂದ ಎರಡು ತಾಸಿನೊಳಗೆ ಹೆಚ್ಚೆಂದರೆ ಮೂರು ಹೊಲ. ಸಂಕ್ರಾಂತಿಯಿಂದ ಶಿವರಾತ್ರಿಯ ತನಕ ಇದು ಅವರ ಸುಗ್ಗಿ. ಉಳಿದ ದಿನಗಳಲ್ಲಿ ಎರಡೆಕರೆ ಜೋಳದ ಹೊಲ, ಒಂದು ಎಮ್ಮೆ. ಈಗ ಐವತ್ತರ ಆಚೆ ಇದ್ದಾರೆ. ಗಂಡ ತೀರಿಕೊಂಡು ಇಪ್ಪತ್ತು ವರ್ಷ, ಮಕ್ಕಳಿಲ್ಲ. ಈ ವಿದ್ಯೆ ಬಂದದ್ದು ಮಾವನಿಂದ. ಮಾವನಿಗೆ ಮೋತಿಬಿಂದು ಆಗಿ ಕಣ್ಣು ಮಂಜಾದ ಮೇಲೆ ಸೊಸೆ ಕೋಲು ಹಿಡಿದು ಮುಂದೆ ನಡೆಯುತ್ತಿದ್ದಳಂತೆ.

"ಮುಂದ ನಡದು ನಡದು ನನ್ನ ಕಾಲೂ ಕಲೀತು. ಮಾವ ಕೇಳ್ತಿದ್ದ, 'ಇಲ್ಲಿ ಏನ ಅದ ಹೇಳು?' ಅಂತ. ನಾ ಹೇಳಿದ್ದು ತಪ್ಪಾದ್ರ ಕೋಲಿಲೆ ಹಿಮ್ಮಡಿಗೆ ಒಂದು ಏಟು. ಖರೆ ಆದ್ರ ಏನೂ ಇಲ್ಲ. ಶಾಬ್ಬಾಸ್ ಅನ್ನೋದು ಆ ಮನುಷ್ಯಾಗ ಬರ್ತಿದ್ದಿಲ್ಲ ನೋಡು."

ಅಂದಾಜು ಹೇಳುವುದು ಅವರ ಕೆಲಸದ ಅರ್ಧ. ಇನ್ನರ್ಧವನ್ನು ಯಾರೂ ಗಮನಿಸುವುದಿಲ್ಲ. ಗೆಣಸು ವರ್ಷಕ್ಕೊಮ್ಮೆ ಅರಸನಾಗುವ ಮಾಲು. ಶಿವರಾತ್ರಿಯ ಉಪವಾಸಕ್ಕೆ ಪ್ರತಿ ಮನೆಗೂ ಬೇಕು. ಈ ವರ್ಷ ಸಂಕ್ರಾಂತಿಗೆ ಮಣಕ್ಕೆ ನಾಲ್ಕು ರೂಪಾಯಿ ಇದ್ದದ್ದು ಈಗ ಆರಕ್ಕೆ ಬಂದಿದೆ. ಹಬ್ಬದ ಹಿಂದಿನ ಎರಡು ದಿನ ಒಂಬತ್ತು ಮುಟ್ಟಬಹುದು. ಹಬ್ಬದ ಮರುದಿನ ಎರಡು ರೂಪಾಯಿಗೂ ಕೇಳುವವರಿಲ್ಲ, ಎಮ್ಮೆಗೆ ಹಾಕುತ್ತಾರೆ. ಎಲ್ಲರೂ ಒಂದೇ ದಿನ ಅಗೆದು ಉದಗೀರ ಬಾಜಾರಿನಲ್ಲಿ ಸುರಿದರೆ ಹಬ್ಬದ ಮೊದಲೇ ದರ ಬೀಳುತ್ತದೆ. ಮಣ್ಣೊಳಗಿದ್ದರೆ ಗೆಣಸಿಗೆ ಇನ್ನೂ ಹತ್ತು ದಿನ ಏನೂ ಆಗುವುದಿಲ್ಲ. ಹಾಗಾಗಿ ಯಾರು ಯಾವ ದಿನ ಅಗೆಯಬೇಕು ಎಂಬುದೇ ಮುಖ್ಯ.

ಜಳಕೋಟದಿಂದ ನಿಲಂಗಾದ ತನಕ ಹೊಲಹೊಲ ತುಳಿದವರಿಗೆ ಈ ಸೀಮೆಯಲ್ಲಿ ಎಷ್ಟು ಚೀಲ ಇದೆ ಎಂಬುದು ಗೊತ್ತಿರುತ್ತದೆ. ಅದನ್ನು ಅವರು ಯಾರಿಗೂ ಹೇಳುವುದಿಲ್ಲ. ವಿಶ್ವನಾಥಪ್ಪ ಮೂವತ್ತು ವರ್ಷದಿಂದ ಕೇಳುತ್ತಿದ್ದಾರೆ.

"ಒಟ್ಟ ಎಷ್ಟು ಬರ್ತದ ಅಂತ ಒಂದು ಮಾತು ಹೇಳಿದ್ರ ನಿನಗೇನು ನಷ್ಟ ರಂಭಾಬಾಯಿ?"

"ನನಗೇನಿಲ್ಲ ಸಾವಕಾರ್ರ. ನಿಮಗ ಪಾಪ ಹತ್ತತದಂತ ಹೇಳಲ್ಲ."

ಆದರೆ ಹೊಲದವರಿಗೆ ಬದುವಿನ ಮೇಲೆ ನಿಂತು ಮೆಲ್ಲಗೆ ಹೇಳುತ್ತಾರೆ: ನಿಂದು ಮಂಗಳವಾರ ಅಗಿಸು, ನಿಂದು ಅದರ ಮುಂದಿನ ಶುಕ್ರವಾರ. ಉಮರ್ಗಾದ ಕಡೆಯವರದು ಸೋಲಾಪುರಕ್ಕೆ ಲಾರಿಯಲ್ಲಿ ಹೋಗಲಿ, ಇಲ್ಲಿಗೆ ತರಬ್ಯಾಡರಿ ಅನ್ನು. ಹೀಗೆ ಒಬ್ಬ ಹೆಂಗಸಿನ ಪಿಸುಮಾತಿನಿಂದ ಬಾಜಾರಿಗೆ ಮಾಲು ದಿನಕ್ಕಿಷ್ಟರಂತೆ ಹೋಗುತ್ತಿತ್ತು.

'ಹೋಗುತ್ತಿತ್ತು' ಎಂದು ಬರೆಯಬೇಕಾಗಿದೆ. ಮೊದಲು ವರ್ಷಕ್ಕೆ ನಲವತ್ತೈದು ಹೊಲದವರು ಅವರನ್ನು ಕರೆಯುತ್ತಿದ್ದರು. ಈಗ ಹದಿನೆಂಟು. ಉದಗೀರ ಸ್ಟೇಶನ್ನಿಗೆ ಹೈದರಾಬಾದಿನಿಂದ ರೈಲಿನಲ್ಲಿ ಆಲೂಗಡ್ಡೆ ಬರುತ್ತದೆ, ಉಪವಾಸಕ್ಕೆ ಅದೂ ನಡೆಯುತ್ತದೆ ಎನ್ನುವವರು ಹೆಚ್ಚಾಗಿದ್ದಾರೆ. ಇನ್ನು ಮುಂದೆ ಎಲ್ಲ ಮಾಲೂ ಬಾಜಾರದ ಕಟ್ಟೆಯ ಮೇಲೆ ಬಹಿರಂಗ ಲಿಲಾವಿನಲ್ಲೇ, ಅಂದರೆ ಹರಾಜಿನಲ್ಲೇ, ಮಾರಬೇಕಂತೆ ಎಂಬ ಮಾತೂ ಇದೆ. ಎರಡು ವರ್ಷದ ಹಿಂದೆ ನಮ್ಮನ್ನು ಬೀದರ ಜಿಲ್ಲೆಯಿಂದ ತೆಗೆದು ಮುಂಬಯಿ ರಾಜ್ಯಕ್ಕೆ ಸೇರಿಸಿದರು. "ಹೈದರಾಬಾದಿನ ಹಾಲಿ ರೂಪಾಯಿ ಹೋತು, ಸರಕಾರದ ಕಲದಾರ ಬಂತು. ಆಣೆ ಹೋತು, ನಯಾ ಪೈಸಾ ಬಂತು. ಚೀಲ ಮಾತ್ರ ಚೀಲನ ಅದ," ಎಂದು ಅತ್ತೆ ನಗುತ್ತಾರೆ. ಆದರೆ ನಲವತ್ತೈದು ಹದಿನೆಂಟಾಗಲು ಆಲೂಗಡ್ಡೆಗಿಂತ ದೊಡ್ಡ ಕಾರಣ ನಮ್ಮ ಹೊಲ.

ತನ್ನವರ ಹೊಲಕ್ಕೆ ಅಂದಾಜು ಹೇಳಬಾರದು ಎಂಬುದು ಈ ಕೆಲಸದ ಮೊದಲ ನಿಯಮ. ನಮ್ಮ ಹೊಲಕ್ಕೆ ಜಳಕೋಟದ ಮುದುಕರೊಬ್ಬರು ಬರುತ್ತಿದ್ದರು. ಹೈದರಾಬಾದಿನ ಪೋಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಊರು ಬಿಟ್ಟ ಅವರು ತಿರುಗಿ ಬರಲಿಲ್ಲ. ಆ ವರ್ಷದ ಶಿವರಾತ್ರಿಗೆ ಬೇರೆ ಯಾರೂ ಸಿಗದೆ ಅಪ್ಪನೇ ತಂಗಿಗೆ ಹೇಳಿಕಳಿಸಿದರು. ಅತ್ತೆ ಬಂದು ನಡೆದು ನಲವತ್ತೆರಡು ಚೀಲ ಎಂದರು. ಅಗೆದಾಗ ಬಂದದ್ದು ಮೂವತ್ತೊಂದು. ಅಪ್ಪ ಹನ್ನೊಂದು ಚೀಲದ ಹಣ ತುಂಬಿಕೊಟ್ಟರು. ಅದಲ್ಲ ನೋವಾದದ್ದು. 'ತಂಗಿ ಕಾಲಿಟ್ರ ಅಣ್ಣನ ಚೀಲ ತುಂಬತಾವ' ಎಂದು ಬಾಜಾರಿನಲ್ಲಿ ನಗೆಯಾಯಿತು. ಅಣ್ಣ ತಂಗಿ ಕೂಡಿ ವ್ಯಾಪಾರಿಯನ್ನು ಮುಳುಗಿಸಲು ನೋಡಿದರು ಎಂದರು. ಕಲ್ಯಾಣಪ್ಪ ಎಂದರೆ ಮಾತಿಗೆ ತಪ್ಪದವನು ಎಂಬ ಹೆಸರಿದ್ದ ಅಪ್ಪ, ನಾಲ್ಕು ಜನರ ಮುಂದೆ ತಂಗಿಗೆ ಹೇಳಿದರು: "ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ." ಆ ವರ್ಷದಿಂದ ಪಂಚಮಿಗೆ ಅತ್ತೆಯನ್ನು ಕರೆತರಲು ನಮ್ಮ ಮನೆಯಿಂದ ಬಂಡಿ ಹೋಗಿಲ್ಲ.

ನಾನು ವಿಶ್ವನಾಥಪ್ಪನವರನ್ನು ಅಂಜುತ್ತ ಕೇಳುತ್ತೇನೆ: ಅಂದು ಮೋಸ ಹೋದ ವ್ಯಾಪಾರಿ ನೀವೇ ಅಲ್ಲವೇ, ಆದರೂ ಇವರನ್ನೇ ಯಾಕೆ ಕರೆಯುತ್ತೀರಿ?

"ಮೂವತ್ತು ವರ್ಷದಾಗ ಒಂದು ಸಲ ತಪ್ಪ್ಯಾಳ ತಂಗಿ," ಎನ್ನುತ್ತಾರೆ ಅವರು. "ನನ್ನ ತಕ್ಕಡಿ ದಿನಾ ತಪ್ಪತದ. ಅದನ್ನ ನಾ ಇನ್ನಾ ಒಗದಿಲ್ಲ."

ಬಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. "ಖರೆ ಬಾಯಿಂದ ಬಂತು ನೋಡ್ರೀ! ಬರಕೋರಿ ಬಾಯಾರ, ಬರಕೋರಿ."

ಅತ್ತೆ ನಗುವುದಿಲ್ಲ. ತೆಂಗಿನಕಾಯಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟೇಬಿಡುತ್ತಾರೆ.

ಮನೆ ಎಂದರೆ ಒಂದು ಅಂಕಣ, ಒಂದು ಅಡಿಗೆಯ ಮೂಲೆ. ನಿನ್ನೆ ಸಂಜೆ ನಾನು ಬಾಗಿಲಲ್ಲಿ ನಿಂತಾಗ ಅತ್ತೆ ಬಹಳ ಹೊತ್ತು ನೋಡಿದ್ದರು. "ಶೇವಂತಾ ವೈನಿ ಮುಖನ ತಂದೀಯಲ್ಲವ್ವಾ," ಎಂದರು. ಶೇವಂತಾಬಾಯಿ ನನ್ನ ಅವ್ವ, ಅವರಿಗೆ ಅತ್ತಿಗೆ. ತೀರಿಕೊಂಡು ನಾಲ್ಕು ವರ್ಷವಾಯಿತು. ಮಣ್ಣು ಕೊಡಲು ಅತ್ತೆ ಬಂದಿದ್ದರು. ರುದ್ರಭೂಮಿಯ ಬೇಲಿಯ ಹೊರಗೆ ನಿಂತಿದ್ದು ಹಾಗೇ ಹೋಗಿದ್ದರು.

ಈಗ ಅವರು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾರೆ. ನಾನು ನೋಟ್‌ಬುಕ್ಕು ಮಡಚಿಟ್ಟು, ಅವರ ಬೆನ್ನಿಗೆ ಹೇಳುತ್ತೇನೆ. ಮುಖ ನೋಡಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಆಗ ನನಗೆ ಹನ್ನೆರಡು. ಆ ವರ್ಷ ನಮ್ಮ ಹೊಲದ ಬಾವಿಯ ಹತ್ತಿರದ ದನದ ಕೊಟ್ಟಿಗೆಯಲ್ಲಿ ಹತ್ತಿ ಹಿಂಜುವ ಮುಸಲ್ಮಾನ ಪಿಂಜಾರರ ಮನೆಯ ಮೂವರು ಹೆಂಗಸರು, ಐದು ಮಕ್ಕಳು ಇದ್ದರು. ಗಂಡಸರು ಕೆಲವರು ಬದುಕಿರಲಿಲ್ಲ, ಕೆಲವರು ಎಲ್ಲಿದ್ದಾರೆಂದು ಗೊತ್ತಿರಲಿಲ್ಲ. ಇರಲು ಜಾಗ ಕೊಟ್ಟದ್ದು ಅಪ್ಪನೇ. "ಇಟ್ಟುಕೊಂಡದ್ದ ಭಾಳಾತು, ಇನ್ನ ಉಣ್ಣಾಕ ಕೊಟ್ರ ಊರು ನಮ್ಮನ್ನ ಬಿಡೂದಿಲ್ಲ," ಎಂದೂ ಅಪ್ಪನೇ ಹೇಳಿದ್ದರು. ಅವ್ವ ಎದುರು ಮಾತಾಡಲಿಲ್ಲ. ಮಾರ್ಗಶಿರದಿಂದ ದಿನಾ ಬೆಳಗ್ಗೆ ನೀರಿಗೆಂದು ಹೊಲಕ್ಕೆ ಹೋಗಿ, ಬಳ್ಳಿಯನ್ನು ಸರಿಸಿ, ಮೊಣಕೈ ತನಕ ಬೋದಿನೊಳಗೆ ಕೈ ಹಾಕಿ ದೊಡ್ಡ ಗೆಣಸನ್ನಷ್ಟೇ ಎಳೆದು, ಬಳ್ಳಿಯನ್ನು ಮೊದಲಿನಂತೆ ಹರಡುತ್ತಿದ್ದಳು. ಬಳ್ಳಿ ಬಾಡಲಿಲ್ಲ, ಬಿರುಕು ಮುಚ್ಚಲಿಲ್ಲ. 'ಯಾರ ಮುಂದೂ ಹೇಳಬ್ಯಾಡ' ಎಂದಿದ್ದಳು. ನಾನು ಹೇಳಲಿಲ್ಲ. ಅಪ್ಪ ನಿಮ್ಮನ್ನು ಬೈಯುವಾಗಲೂ ಬಾಗಿಲ ಹಿಂದೆ ನಿಂತಿದ್ದೆ, ಹೇಳಲಿಲ್ಲ. ನಿಮ್ಮ ಪಾದ ತಪ್ಪಿರಲಿಲ್ಲ ಅತ್ತಿ, ಮೇಲಿನಿಂದ ನೋಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತದೆ.

"ನನಗ ಗೊತ್ತಿದ್ದಿಲ್ಲಂತ ತಿಳದೀ ಏನು?"

ಅತ್ತೆ ತಿರುಗಿ ಕೂರುತ್ತಾರೆ. ಕೈಯೆಲ್ಲ ಹಿಟ್ಟು.

"ಕಣ್ಣಿಗೆ ಕಾಣಲ್ಲ, ಕಾಲಿಗೆ ಕಾಣ್ತದ. ಬಾವಿ ಕಡೆ ಮೊದಲನೇ ಬೋದಿನ ಮ್ಯಾಲ ಹಿಮ್ಮಡಿ ಇಟ್ಟೆ, ಒಳಗ ಪೊಳ್ಳು. ಎರಡನೇದು ಪೊಳ್ಳು. ದಂಡಿಗುಂಟ ಎಲ್ಲಾ ಪೊಳ್ಳು. ಹಂದಿ ಉತ್ತಿದ್ರ ಮಣ್ಣು ಚೆಲ್ಲತಿತ್ತು. ಇದು ಹೆಣ್ಣಮಕ್ಕಳ ಕೈ. ತಲಿ ಎತ್ತಿ ನೋಡಿದ್ರ ಬದುವಿನ ಮ್ಯಾಲ ವೈನಿ ನಿಂತಾಳ, ಮುಖ ಅನ್ನೋದು ಬಿಳಿಚಿ ಹೋಗ್ಯದ."

"ಹಂಗಾದ್ರ ನಲವತ್ತೆರಡು ಅಂತ ಯಾಕ ಹೇಳಿದ್ರಿ?"

"ಮೂವತ್ತೊಂದು ಅಂದಿದ್ರ ನಿಮ್ಮಪ್ಪ ಸುಮ್ಮ ಬಿಡ್ತಿದ್ದ? ಬಳ್ಳಿ ಇಷ್ಟು ಹುಲುಸು ಅದ, ಬಿರುಕು ಇಷ್ಟು ಅಗಲ ಅದ, ಮೂವತ್ತೊಂದು ಹೆಂಗ ಅಂತ ಕೇಳ್ತಿದ್ದ. ಅಲ್ಲೇ ನಾಲ್ಕು ಬೋದು ಬಿಚ್ಚಿಸ್ತಿದ್ದ. ಬಿಚ್ಚಿದ್ರ ಕಳುವು. ಕಳುವು ಅಂದಮ್ಯಾಲ ಯಾರು ಮಾಡ್ಯಾರ? ಮನೀ ಹೆಣ್ಣಮಗಳ ಹೆಸರು ಯಾರ ಬಾಯಾಗೂ ಬರ್ತಿದ್ದಿಲ್ಲ. ಕೊಟ್ಟಿಗ್ಯಾಗ ಇದ್ದರಲ್ಲ, ಅವರ ಹೆಸರು ಬರ್ತಿತ್ತು. ಆ ವರ್ಷ ಅವರ ಮ್ಯಾಲ ಬೆರಳು ತೋರಸೋದು ಅಂದ್ರ ಏನಂತ ನಿನಗ ಗೊತ್ತಿಲ್ಲ ಕೂಸ. ನನಗ ಗೊತ್ತಿತ್ತು."

"ಅಗದ ಮ್ಯಾಲಾದ್ರೂ ಗೊತ್ತಾಗ್ತಿತ್ತಲ್ಲ ಅತ್ತಿ?"

"ಅಗದ ಮ್ಯಾಲ ಮಣ್ಣೆಲ್ಲಾ ತಿರುವಿ ಬಿದ್ದಿರ್ತದ. ಪೊಳ್ಳು ಯಾವುದು, ಗುದ್ದಲಿ ಗಾಯ ಯಾವುದು? ಆವಾಗ ತಪ್ಪೆಲ್ಲಾ ಅಂದಾಜು ಹೇಳಿದಾಕಿದು. ಬೈಗಳ ತಿನ್ನಾಕ ಒಬ್ಬರು ಬೇಕಿತ್ತು, ನಾ ತಿಂದೆ." ಕೈಯ ಹಿಟ್ಟು ಕೊಡವಿ ಹೇಳುತ್ತಾರೆ: "ಈ ಕಾಲು ಸುಳ್ಳು ಹೇಳಿದ್ದು ಅದೊಂದ ಸಲ. ಮಾವ ಇದ್ದಿದ್ರ ಹಿಮ್ಮಡಿಗೆ ಏಟು ಹಾಕ್ತಿದ್ದನೋ ಇಲ್ಲೋ, ಇನ್ನಾ ತಿಳಿವಲ್ದು."

ಅವ್ವನಿಗೆ ಇದು ಗೊತ್ತಿತ್ತೇ ಎಂದು ಕೇಳುತ್ತೇನೆ. ಗೊತ್ತಿತ್ತಂತೆ. ಅವ್ವ ಇರುವ ತನಕ, ವರ್ಷಕ್ಕೊಮ್ಮೆ ನಿಲಂಗಾದ ಸಂತೆಯಲ್ಲಿ ಬಳೆಗಾರರ ಸಾಲಿನ ಹತ್ತಿರ ಇಬ್ಬರೂ ಅಕಸ್ಮಾತ್ತಾಗಿ ಸಿಕ್ಕವರಂತೆ ಸಿಗುತ್ತಿದ್ದರಂತೆ. "ಪ್ರತಿ ಸಲ ಅಳತಿದ್ದಳು. 'ಈ ಪಂಚಮಿಗೆ ಹೇಳ್ತೀನಿ ರಂಭಾ, ಈ ಪಂಚಮಿಗೆ ಖರೇನ ಹೇಳ್ತೀನಿ' ಅಂತಿದ್ದಳು. ನಾನ ಬ್ಯಾಡ ಅಂದೆ. ಆ ಹೆಣ್ಣಮಕ್ಕಳು ಇನ್ನಾ ಅಲ್ಲೇ ಇದ್ರು. ಅವರು ಕಲಬುರಗಿಗೆ ಹೋದ್ರು ಅಂತ ತಿಳಿಯೋದರಾಗ ವೈನಿ ಹೋಗಿಬಿಟ್ಟಳು."

ಈಗ ಭಯವಿಲ್ಲವಲ್ಲ, ನಾನಿದನ್ನು ಬರೆಯಲೇ ಎಂದು ಕೇಳುತ್ತೇನೆ. ಬರೆದರೆ ಹೊಲದವರೆಲ್ಲ ತಿರುಗಿ ಕರೆಯುತ್ತಾರೆ, ಹೆಸರು ತಿರುಗಿ ಬರುತ್ತದೆ ಎನ್ನುತ್ತೇನೆ. ಅತ್ತೆ ಹೆಂಚಿನ ಮೇಲಿನ ರೊಟ್ಟಿಯನ್ನು ನೀರು ಸವರಿ ತಿರುವಿ ಹಾಕುತ್ತಾರೆ.

"ಹೊಲದವರು ಕರೀಲಿ, ಬಿಡಲಿ. ಬಾಜಾರದ ಕಟ್ಟಿ ಮ್ಯಾಲ ಲಿಲಾವು ಸುರು ಆದಮ್ಯಾಲ ಯಾರಿಗೆ ಬೇಕು ನನ್ನ ಕಾಲು? ನೀ ಬರಿ. ನಾ ಬ್ಯಾಡ ಅನ್ನಲ್ಲ. ಆದ್ರ ಮೊದಲ ನಿಮ್ಮಪ್ಪಗ ಹೇಳು. ಕಾಗದಕ್ಕ ಹೇಳೋದು ಸಸಾರ ಅದ ಯವ್ವಾ. ಅದು ತಿರುಗಿ ನೋಡಂಗಿಲ್ಲ."

ಹನ್ನೆರಡನೇ ವಯಸ್ಸಿನಿಂದ ನಾನು ಮಾಡಿಕೊಂಡು ಬಂದದ್ದು ಅದೊಂದನ್ನೇ.

ಊಟವಾದ ಮೇಲೆ, ಇಂಥ ಲೇಖನಗಳಲ್ಲಿ ಕೊನೆಗೆ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ: ನಿಮ್ಮ ಆಸೆ ಏನು? ಅತ್ತೆ ಕಾಲು ಚಾಚಿ ಹಿಮ್ಮಡಿಯ ಒಡಕಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾರೆ.

"ಅಣ್ಣನ ಹೊಲದಾಗ ಒಂದ ಸಲ ನಡೀಬೇಕು. ಅಂದಾಜು ಹೇಳಾಕಲ್ಲ. ಹಂಗ, ಸುಮ್ಮ. ಸಣ್ಣಾಕಿದ್ದಾಗ ಅಣ್ಣ ಮುಂದ, ನಾ ಹಿಂದ, ಅದ ಬೋದಿನ ಮ್ಯಾಲ ಬೀಳದಂಗ ಓಡ್ತಿದ್ವಿ. ಅಂವಾ ಭಾಳ ಬೀಳತಿದ್ದ." ನಗುತ್ತಾರೆ. "ಈ ವರ್ಷ ಏನ ಹಾಕ್ಯಾನ? ಗೆಣಸು ಹಾಕ್ಯಾನ?"

ಇಲ್ಲ, ಆ ವರ್ಷದ ನಂತರ ಅಪ್ಪ ಗೆಣಸು ಹಾಕಿಲ್ಲ, ಅಲ್ಲಿ ಬರೀ ಕಡಲೆ ಎನ್ನುತ್ತೇನೆ.

"ಕಡ್ಲಿ," ಎಂದು ಅವರು ಹಿಮ್ಮಡಿ ತಿಕ್ಕುವುದನ್ನು ನಿಲ್ಲಿಸುತ್ತಾರೆ. "ಅಂಥಾ ಮಣ್ಣಾಗ ಕಡ್ಲಿ."

ಮರುದಿನ ಬೆಳಗ್ಗೆಯ ಬಸ್ಸಿಗೆ ನಿಲಂಗಾ. ನಾನು ಮನೆ ಮುಟ್ಟಿದಾಗ ಅಪ್ಪ ಲಿಂಗಪೂಜೆ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದಾರೆ. ಹಣೆಯ ವಿಭೂತಿ ಇನ್ನೂ ಹಸಿ ಇದೆ. ಎರಡು ದಿನದ ಹಿಂದಿನ ಪತ್ರಿಕೆ ತೊಡೆಯ ಮೇಲೆ ಹರವಿದೆ. ಬಾಜಾರ ದರದ ಪುಟವನ್ನು ಬೆರಳಿಟ್ಟು ಓದುತ್ತಿದ್ದಾರೆ. ನಾನು ಚೀಲ ಇಳಿಸದೆ ಕಂಬದ ಹತ್ತಿರ ನಿಲ್ಲುತ್ತೇನೆ.

"ಬಂದ್ಯಾ?" ತಲೆ ಎತ್ತದೆ ಕೇಳುತ್ತಾರೆ. "ಗೆಳತಿ ಮನ್ಯಾಗ ಎಲ್ಲಾ ಆರಾಮ ಅದಾರ?"

"ನಾ ಉದಗೀರಕ್ಕ ಹೋಗಿದ್ದಿಲ್ಲಪ್ಪಾ. ಶಿರೂರಕ್ಕ ಹೋಗಿದ್ದೆ. ಅತ್ತಿ ಮನಿಗೆ."

ಬೆರಳು ದರದ ಸಾಲಿನ ಮೇಲೇ ನಿಲ್ಲುತ್ತದೆ. ಅಪ್ಪ ಎದ್ದು ಒಳಗೆ ಹೋಗುವುದಿಲ್ಲ. ಕೋಣೆಯೊಳಗೆ ಪೆಟ್ಟಿಗೆಯಲ್ಲಿ ಒಂಬತ್ತು ವರ್ಷದ ಡೈರಿಗಳಿವೆ. ತಂದು ಕೈಗೆ ಕೊಟ್ಟು ಓದಿಕೊಳ್ಳಿ ಅನ್ನಬಹುದು. ಒಂದು ಹೆಜ್ಜೆ ಆ ಕಡೆ ಇಟ್ಟೇಬಿಡುತ್ತೇನೆ. ಆಮೇಲೆ ತಿರುಗಿ ಬಂದು, ಅಪ್ಪನ ಎದುರಿಗೆ ನೆಲದ ಮೇಲೆ, ಅವರ ಮುಖ ಕಾಣುವಂತೆ ಕೂರುತ್ತೇನೆ.

"ಅಪ್ಪಾ, ಆ ವರ್ಷ ಗೆಣಸು ಕಿತ್ತಾಕಿ ಅವ್ವ. ಕೊಟ್ಟಿಗ್ಯಾಗಿನ ಮಕ್ಕಳ ಸಲುವಾಗಿ. ಬುಟ್ಟಿ ಹಿಡದಾಕಿ ನಾನು."